ಎಲ್ಲಿ ನೋಡಿ ‘ಇಲ್ಲ’ ಅಂತೈತಿ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮಕ್ಕಳಿಗೆ ಸ್ಫೂರ್ತಿ ತುಂಬುವ ನಾಲ್ಕು ಮಾತು ಆಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಆ ಮಾತುಗಳನ್ನು ಬರೆದುಕೊಂಡೇ ಬಂದಿದ್ದೆ. ಆದರೆ ನಿನ್ನೆ ಮಧ್ಯಾಹ್ನ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ವಿಷಯವನ್ನೇ ಬದಲಿಸಿಕೊಂಡೆ.

9ನೇ ತರಗತಿಯ ಹುಡುಗಿಯೊಬ್ಬಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರ ಬಿಡಿಸಲು ಹೊರಟಿದ್ದಳು. ಆ ಭಾಷೆಯಲ್ಲಿ ‘ಟರ್ಟಲ್’, ಅಂದರೆ ಆಮೆ, ಎಂಬ ಒಂದು ಸಾಮಾನು ಇದೆ. ಅದನ್ನು ಕರೆದರೆ ಪರದೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಅವಳು ‘ಇಂಪೋರ್ಟ್ ಟರ್ಟಲ್’ ಎಂದು ಬರೆದಳು. ಕೆಂಪು ಅಕ್ಷರಗಳಲ್ಲಿ ಉತ್ತರ ಬಂತು: ಆ ಹೆಸರಿನ ಮಾಡ್ಯೂಲ್ ಇಲ್ಲ. ಹುಡುಗಿ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಬೇಸರವಿಲ್ಲದೆ, ಗೊತ್ತಿದ್ದ ಸಂಗತಿ ಹೇಳುವವಳ ಹಾಗೆ ಹೇಳಿದಳು: “ಇದರಾಗ ಅದು ಇಲ್ಲಂತ್ರಿ ಅಕ್ಕಾರ. ಸರಕಾರಿ ಸಾಲಿ ಕಂಪ್ಯೂಟರ್ ಅಲ್ರಿ, ಹಾಕಿರಂಗಿಲ್ಲ.”

ನಾನು ಪರದೆ ನೋಡಿದೆ. ಆಮೆ ಅಲ್ಲೇ ಇತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಎರಡು ಅಕ್ಷರ ಹಿಂದುಮುಂದಾಗಿದ್ದವು, ಅಷ್ಟೇ. ತಪ್ಪು ಎರಡು ಅಕ್ಷರದ್ದು. ಅವಳು ತೆಗೆದುಕೊಂಡ ತೀರ್ಮಾನ ಮಾತ್ರ ಬಹಳ ದೊಡ್ಡದು: ನಮ್ಮಲ್ಲಿ ಅದು ಇರುವುದೇ ಇಲ್ಲ. ಈ ತೀರ್ಮಾನವನ್ನು ನಾನೂ ಒಮ್ಮೆ ತೆಗೆದುಕೊಂಡಿದ್ದೆ. ಅದಕ್ಕಾಗಿ ಇಂದು ಒಂದೇ ಸಂಗತಿ ಹೇಳುತ್ತೇನೆ. ಪ್ರೋಗ್ರಾಂ ಒಂದು ತನಗೆ ಬೇಕಾದ ಸಾಮಾನನ್ನು ಎಲ್ಲಿ ಹುಡುಕುತ್ತದೆ, ಹೇಗೆ ತರುತ್ತದೆ, ‘ಇಲ್ಲ’ ಎಂದು ಹೇಳಿದಾಗ ಅದರ ನಿಜವಾದ ಅರ್ಥವೇನು?

ಅಟ್ಟದ ಮೇಲಿನ ಕಾರ್ಡು

ನಾನು ನೇಕಾರರ ಮನೆಯವಳು. ಬನಹಟ್ಟಿಯ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ನಮಗೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಕಂಡಿಕಿ ಸುತ್ತುವುದು ನನ್ನ ಕೆಲಸ, ಮಗ್ಗ ನಡೆಸುವುದು ಅಪ್ಪನ ಕೆಲಸ. ದಡಿಗೆ ಹೂವೋ ನವಿಲೋ ಬರಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಇರಬೇಕು. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಬೇಕು. ಕಾರ್ಡಿನಲ್ಲಿ ತೂತು ಇದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತದೆ. ತೂತು ಇಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಓಡಿದಂತೆ ಒಂದು ಕಾರ್ಡು ಸರಿಯುತ್ತದೆ.

ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಮಗ್ಗಕ್ಕೆ ನವಿಲು ಗೊತ್ತಿಲ್ಲ. ನವಿಲು ಇರುವುದು ಕಾರ್ಡಿನಲ್ಲಿ. ಕಾರ್ಡು ಬದಲಿಸಿದರೆ ಅದೇ ಮಗ್ಗ ಹೂವು ನೇಯುತ್ತದೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ಕಾರ್ಡು ಬಳಸುವ ಆಲೋಚನೆಯನ್ನು ಪಡೆದದ್ದು ಇಲ್ಲಿಂದಲೇ. ಕಂಪ್ಯೂಟರಿನ ವಂಶಾವಳಿ ಬರೆದರೆ ಅದರಲ್ಲಿ ನಮ್ಮ ಓಣಿಯ ಕಸುಬಿಗೂ ಒಂದು ಜಾಗ ಇದೆ ಎಂಬುದನ್ನು ನೀವು ಮರೆಯಬಾರದು.

ನಮ್ಮ ಮನೆಯಲ್ಲಿ ಹಳೆಯ ಕಾರ್ಡಿನ ಗಂಟುಗಳು ಅಟ್ಟದ ಮೇಲೆ ಇರುತ್ತಿದ್ದವು. “ನವಿಲಿನ ಗಂಟು ತಾ” ಎಂದು ಅಪ್ಪ ಕಳಿಸುತ್ತಿದ್ದ. ನಾನು ಏಣಿ ಹತ್ತಿ, ಮೊದಲು ಕೈಗೆ ಸಿಕ್ಕ ಎರಡು ಗಂಟು ನೋಡಿ, “ಅಪ್ಪಾ, ಇಲ್ಲ” ಎಂದು ಕೂಗುತ್ತಿದ್ದೆ. ಕೆಳಗಿನಿಂದ ಪ್ರತಿಸಲವೂ ಒಂದೇ ಮಾತು ಬರುತ್ತಿತ್ತು: “ಎಲ್ಲಿ ನೋಡಿ ಇಲ್ಲ ಅಂತೀಯವ್ವಾ?”

ಈ ಮಾತನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಿರಿ.

ಗ್ರಂಥಾಲಯ ಎಂದರೆ ನಿಜವಾಗಿ ಒಂದು ಕಪಾಟು

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ವರ್ಗಮೂಲ ತೆಗೆಯುವ ಲೆಕ್ಕ, ದಿನಾಂಕದ ಲೆಕ್ಕ, ಚಿತ್ರ ಬಿಡಿಸುವ ಲೆಕ್ಕ ಇವನ್ನೆಲ್ಲ ಬೇರೆ ಯಾರೋ ಬರೆದು, ಪರೀಕ್ಷಿಸಿ ಇಟ್ಟಿರುತ್ತಾರೆ. ಹೀಗೆ ಬೇರೆ ಬೇರೆ ಪ್ರೋಗ್ರಾಂಗಳಿಗೆ ಬೇಕಾದಾಗ ತಂದು ಜೋಡಿಸಲು ಬರುವ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಇಂಥವುಗಳ ಸಂಗ್ರಹಕ್ಕೆ ಲೈಬ್ರರಿ, ಅಂದರೆ ಗ್ರಂಥಾಲಯ, ಎಂಬ ಹೆಸರು.

ಈ ಹೆಸರು ಬರಿಯ ಹೋಲಿಕೆಯಲ್ಲ. 1949ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರ್ ಕೆಲಸ ಆರಂಭಿಸಿತು. ಅದರ ಪ್ರೋಗ್ರಾಂಗಳು ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ ಇರುತ್ತಿದ್ದವು. ಮತ್ತೆ ಮತ್ತೆ ಬೇಕಾಗುವ ಲೆಕ್ಕಗಳ ಪಟ್ಟಿಗಳನ್ನು ಸುತ್ತಿ, ಹೆಸರು ಬರೆದು ಒಂದು ಕಪಾಟಿನಲ್ಲಿ ಇಡುತ್ತಿದ್ದರು. ಬೇಕಾದವರು ಅಲ್ಲಿಂದ ಪಟ್ಟಿ ತೆಗೆದು, ಅದರ ನಕಲನ್ನು ತಮ್ಮ ಪ್ರೋಗ್ರಾಮಿನ ಪಟ್ಟಿಗೆ ಸೇರಿಸಿಕೊಂಡು ಯಂತ್ರಕ್ಕೆ ಉಣಿಸುತ್ತಿದ್ದರು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ 1951ರಲ್ಲಿ ಈ ಪದ್ಧತಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಂದು ಕಪಾಟಿನ ಮುಂದೆ ನಿಂತು ಹುಡುಕುತ್ತಿದ್ದವರು ಮನುಷ್ಯರು. ಇಂದು ಆ ಕೆಲಸವನ್ನು ಭಾಷೆಯೇ ಮಾಡುತ್ತದೆ. ಮನುಷ್ಯ ಹುಡುಕಿದರೂ ಯಂತ್ರ ಹುಡುಕಿದರೂ ಹುಡುಕುವುದಕ್ಕೆ ಒಂದು ಕ್ರಮ ಬೇಕೇ ಬೇಕು.

ಪೈಥಾನ್ ಹೇಗೆ ಹುಡುಕುತ್ತದೆ?

ನೆದರ್‌ಲೆಂಡ್ಸ್‌ನ ಗೀಡೋ ವಾನ್ ರೋಸಮ್ 1989ರ ಡಿಸೆಂಬರಿನಲ್ಲಿ ಪೈಥಾನ್ ಬರೆಯಲು ಆರಂಭಿಸಿದರು. 1991ರಲ್ಲಿ ಅದು ಹೊರಬಂತು. ಅದರಲ್ಲಿ ‘ಇಂಪೋರ್ಟ್’ ಎಂದರೆ ‘ಆ ಮಾಡ್ಯೂಲನ್ನು ತಾ’ ಎಂದು ಅರ್ಥ. ಈ ಒಂದು ಪದದ ಹಿಂದೆ ನಡೆಯುವ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲನೆಯದಾಗಿ, ಪೈಥಾನ್ ತನ್ನ ಹಾಜರಿ ಪುಸ್ತಕ ನೋಡುತ್ತದೆ. ಅದರ ಹೆಸರು ‘ಸಿಸ್ ಡಾಟ್ ಮಾಡ್ಯೂಲ್ಸ್’. ಈ ಪ್ರೋಗ್ರಾಂ ಶುರುವಾದ ಮೇಲೆ ತಂದಿರುವ ಎಲ್ಲ ಮಾಡ್ಯೂಲ್‌ಗಳ ಹೆಸರು ಅಲ್ಲಿರುತ್ತದೆ. ಹೆಸರು ಸಿಕ್ಕರೆ ಮತ್ತೆ ಹುಡುಕುವುದೇ ಇಲ್ಲ, ಇರುವುದನ್ನೇ ಕೊಡುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಕೆಲಸ ಅದು ಮಾಡುವುದಿಲ್ಲ. ಇದರಿಂದ ಒಂದು ತೊಡಕೂ ಉಂಟು. ಪೈಥಾನ್ ತೆರೆದಿರುವಾಗಲೇ ನೀವು ಮಾಡ್ಯೂಲಿನ ಕಡತವನ್ನು ತಿದ್ದಿ ಮತ್ತೆ ಇಂಪೋರ್ಟ್ ಮಾಡಿದರೆ ಹಳೆಯದೇ ಬರುತ್ತದೆ. “ತಿದ್ದಿದೆ, ಆದರೂ ಬದಲಾಗವಲ್ದು” ಎಂದು ಎಷ್ಟೋ ಮಕ್ಕಳು ತಲೆ ಕೆರೆದುಕೊಳ್ಳುವುದು ಇದಕ್ಕೇ. ಪೈಥಾನ್ ಮುಚ್ಚಿ ಮತ್ತೆ ತೆರೆದರೆ ಸರಿಹೋಗುತ್ತದೆ.

ಎರಡನೆಯದಾಗಿ, ಆ ಮಾಡ್ಯೂಲ್ ತನ್ನೊಳಗೇ ಬೆಸೆದುಕೊಂಡು ಬಂದದ್ದೇ ಎಂದು ನೋಡುತ್ತದೆ. ‘ಸಿಸ್’ ಅಂಥದ್ದು. ಅದಕ್ಕೆ ಬೇರೆ ಕಡತವೇ ಇಲ್ಲ.

ಮೂರನೆಯದಾಗಿ, ಹುಡುಕುವ ಜಾಗಗಳ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತದೆ. ಅದರ ಹೆಸರು ‘ಸಿಸ್ ಡಾಟ್ ಪಾತ್’. ಪಾತ್ ಎಂದರೆ ದಾರಿ. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ನೀವು ನಡೆಸುತ್ತಿರುವ ಪ್ರೋಗ್ರಾಂ ಇರುವ ಫೋಲ್ಡರ್. ಆಮೇಲೆ, ನೀವು ‘ಪೈಥಾನ್‌ಪಾತ್’ ಎಂಬಲ್ಲಿ ಬೇರೆ ಜಾಗಗಳನ್ನು ಬರೆದಿಟ್ಟಿದ್ದರೆ ಅವು. ಆಮೇಲೆ ಪೈಥಾನ್ ಜೊತೆಗೇ ಬಂದ ಗ್ರಂಥಾಲಯ. ಕೊನೆಗೆ, ಹೊರಗಿನಿಂದ ತರಿಸಿಕೊಂಡವುಗಳನ್ನು ಇಡುವ ‘ಸೈಟ್ ಪ್ಯಾಕೇಜಸ್’ ಎಂಬ ಫೋಲ್ಡರ್. ಪಟ್ಟಿಯ ಮೊದಲಿನಿಂದ ಒಂದೊಂದೇ ಜಾಗ ನೋಡುತ್ತ ಹೋಗುತ್ತದೆ. ಎಲ್ಲಿ ಮೊದಲು ಆ ಹೆಸರು ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ. ಮುಂದೆ ಇನ್ನೂ ಒಳ್ಳೆಯದು ಇದೆಯೇ ಎಂದು ನೋಡುವುದಿಲ್ಲ. ಪಟ್ಟಿ ಮುಗಿಯುವವರೆಗೂ ಸಿಗದಿದ್ದರೆ ಮಾತ್ರ ‘ಇಲ್ಲ’ ಎನ್ನುತ್ತದೆ.

ಸಿಕ್ಕ ಮೇಲೆ ತರುವ ಕೆಲಸ. ಪೈಥಾನ್ ಮೊದಲು ಆ ಹೆಸರಿನಲ್ಲಿ ಒಂದು ಖಾಲಿ ಮಾಡ್ಯೂಲ್ ಮಾಡಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತದೆ. ನಂತರ ಕಡತದಲ್ಲಿರುವುದನ್ನು ತನಗೆ ತಿಳಿಯುವ ಕಿರುರೂಪಕ್ಕೆ ತಿರುಗಿಸುತ್ತದೆ. ಮುಂದಿನ ಸಲ ಬೇಗ ಆಗಲೆಂದು ಆ ಕಿರುರೂಪವನ್ನು ‘ಪೈಕ್ಯಾಶ್’ ಎಂಬ ಫೋಲ್ಡರಿನಲ್ಲಿ ಉಳಿಸುತ್ತದೆ. ಕೊನೆಗೆ ಅದರ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಡೆಸುತ್ತದೆ. ಇಲ್ಲಿ ಒಂದು ಮಾತನ್ನು ಅಡಿಗೆರೆ ಎಳೆದು ಇಟ್ಟುಕೊಳ್ಳಿ: ಇಂಪೋರ್ಟ್ ಮಾಡುವುದೆಂದರೆ ಬರೀ ಓದುವುದಲ್ಲ, ನಡೆಸುವುದು. ಇನ್ನೊಬ್ಬರು ಬರೆದ ಕೆಲಸವನ್ನು ನಿಮ್ಮ ಯಂತ್ರದಲ್ಲಿ ಮಾಡಿಸುವುದು.

ನನ್ನ ಮೂರು ರಾತ್ರಿ

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ದೂರದ ಊರಿನ ಇಂಜಿನಿಯರಿಂಗ್ ಕಾಲೇಜಿಗೆ ಹೋದೆ. ಅಲ್ಲಿ ಮೊದಲ ವರ್ಷವೇ ಪೈಥಾನ್ ಕಲಿಯಬೇಕಾಯಿತು. ಪಗಡೆಯ ದಾಳ ಎಸೆದಂತೆ 1ರಿಂದ 6ರವರೆಗೆ ಯಾವುದಾದರೊಂದು ಅಂಕಿ ಕೊಡುವ ಪ್ರೋಗ್ರಾಂ ಬರೆಯಬೇಕಿತ್ತು. ಅದಕ್ಕೆ ‘ರ‍್ಯಾಂಡಮ್’ ಎಂಬ ಮಾಡ್ಯೂಲ್ ಇದೆ, ಅದರಲ್ಲಿ ‘ರ‍್ಯಾಂಡ್‌ಇಂಟ್’ ಎಂಬ ಸಲಕರಣೆ ಇದೆ. ನಾನು ಬರೆದದ್ದು ಮೂರೇ ಸಾಲು. ಉತ್ತರ ಬಂತು: ಈ ಮಾಡ್ಯೂಲಿನಲ್ಲಿ ರ‍್ಯಾಂಡ್‌ಇಂಟ್ ಎಂಬುದು ಇಲ್ಲ.

ಪಕ್ಕದವರ ಯಂತ್ರದಲ್ಲಿ ಅದೇ ಮೂರು ಸಾಲು ನಡೆಯುತ್ತಿದ್ದವು. ನಾನು ಅಳಿಸಿ ಬರೆದೆ. ಮತ್ತೆ ಅದೇ ಉತ್ತರ. ಕೇಳಬೇಕೆಂದರೆ ಇಂಗ್ಲಿಷಿನಲ್ಲಿ ಕೇಳಬೇಕು ಎಂಬ ಅಂಜಿಕೆ. ಮೂರನೆಯ ರಾತ್ರಿ ಮನೆಗೆ ಫೋನು ಮಾಡಿ, “ಅಪ್ಪಾ, ಇದು ನನ್ನ ಕೈಲೆ ಆಗಂಗಿಲ್ಲ. ಬರತೀನಿ” ಎಂದೆ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಏನಂತೈತಿ ಅದು?” ಎಂದ. “ನಾ ಕೇಳಿದ್ದು ಇಲ್ಲ ಅಂತೈತಿ” ಎಂದೆ. ಅಪ್ಪನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಅಟ್ಟದ ಕೆಳಗೆ ನಿಂತು ಕೇಳುತ್ತಿದ್ದುದನ್ನೇ ಕೇಳಿದ: “ಎಲ್ಲಿ ನೋಡಿ ಇಲ್ಲ ಅಂತೈತಿ, ಕೇಳಿದೇನವ್ವಾ?”

ಫೋನು ಇಟ್ಟ ಮೇಲೆ ನನಗೆ ಅದೇ ಮಾತು ಉಳಿಯಿತು. ತಾನು ಯಾವ ಕಡತದಿಂದ ಬಂದೆ ಎಂಬುದನ್ನು ಪೈಥಾನ್ ಮಾಡ್ಯೂಲ್ ಸಾಮಾನ್ಯವಾಗಿ ತನ್ನಲ್ಲೇ ಬರೆದುಕೊಂಡಿರುತ್ತದೆ, ಅದರ ಹೆಸರು ‘ಫೈಲ್’, ಹಿಂದೆ ಎರಡು ಮುಂದೆ ಎರಡು ಅಡಿಗೆರೆ. ಪುಸ್ತಕ ತಿರುವಿ ಹಾಕಿ ಅದನ್ನು ಹುಡುಕಿದೆ. ಪರದೆಯ ಮೇಲೆ ಅದನ್ನು ಮುದ್ರಿಸಿದೆ. ವಿಳಾಸ ಬಂತು. ನೋಡಿದರೆ ಅದು ಪೈಥಾನ್ ಗ್ರಂಥಾಲಯದ ವಿಳಾಸವಲ್ಲ, ನನ್ನದೇ ಫೋಲ್ಡರಿನ ವಿಳಾಸ!

ಆಗಿದ್ದು ಇಷ್ಟು. ನನ್ನ ಮೂರು ಸಾಲಿನ ಕಡತಕ್ಕೆ ನಾನೇ ‘ರ‍್ಯಾಂಡಮ್’ ಎಂದು ಹೆಸರಿಟ್ಟಿದ್ದೆ. ಪೈಥಾನ್ ಪಟ್ಟಿಯ ಮೊದಲ ಜಾಗದಲ್ಲಿ, ಅಂದರೆ ನನ್ನ ಫೋಲ್ಡರಿನಲ್ಲಿ, ಆ ಹೆಸರು ಕಂಡು ಅದನ್ನೇ ತಂದಿತ್ತು. ನಿಜವಾದ ರ‍್ಯಾಂಡಮ್ ಎರಡು ಹೆಜ್ಜೆ ಮುಂದೆ ಕಾಯುತ್ತ ಕುಳಿತಿತ್ತು. ನನ್ನ ಕಡತದಲ್ಲಿ ರ‍್ಯಾಂಡ್‌ಇಂಟ್ ಎಲ್ಲಿಂದ ಬರಬೇಕು?

ಹೆಸರು ಬದಲಿಸಿದೆ. ಆದರೂ ಅದೇ ಉತ್ತರ! ಆಗ ಬಳಸುತ್ತಿದ್ದ ಪೈಥಾನ್ 2ರಲ್ಲಿ ಕಿರುರೂಪದ ಕಡತ ಅದೇ ಫೋಲ್ಡರಿನಲ್ಲೇ ಉಳಿಯುತ್ತಿತ್ತು. ಮೂಲ ಕಡತ ಹೋದರೂ ಅದರ ನೆರಳು ಅಲ್ಲೇ ಕುಳಿತು ಕೆಲಸ ಕೆಡಿಸುತ್ತಿತ್ತು. ಮತ್ತೆ ವಿಳಾಸ ಕೇಳಿದೆ, ನೆರಳು ಸಿಕ್ಕಿತು, ಅಳಿಸಿದೆ. ದಾಳ ಬಿತ್ತು. ನಾಲ್ಕು ಬಂದಿತ್ತು ಎಂದು ಇಂದಿಗೂ ನೆನಪಿದೆ. ಪೈಥಾನ್ 3ರಲ್ಲಿ ಮೂಲ ಕಡತ ಇಲ್ಲದಿದ್ದರೆ ಪೈಕ್ಯಾಶ್ ಫೋಲ್ಡರಿನ ಕಿರುರೂಪವನ್ನು ಬಳಸುವುದಿಲ್ಲ. 2024ರಲ್ಲಿ ಬಂದ ಪೈಥಾನ್ 3.13ರಲ್ಲಿ ನನ್ನಂಥ ತಪ್ಪು ಮಾಡಿದರೆ, ನಿನ್ನ ಕಡತದ ಹೆಸರು ಗ್ರಂಥಾಲಯದ ಹೆಸರಿನಂತೆಯೇ ಇದೆ, ಬದಲಿಸು ಎಂದು ಅದೇ ತಿಳಿಸುತ್ತದೆ. ಅಂದರೆ ಈ ತಪ್ಪು ನನ್ನೊಬ್ಬಳದಾಗಿರಲಿಲ್ಲ. ಪ್ರಪಂಚದ ತುಂಬ ಜನ ಇದೇ ತಪ್ಪು ಮಾಡಿದ್ದಕ್ಕೇ ಆ ಸೂಚನೆ ಹುಟ್ಟಿಕೊಂಡಿತು. ಅದು ನನಗೆ ಅಂದು ಗೊತ್ತಿದ್ದರೆ ಮೂರು ರಾತ್ರಿ ಅಳುತ್ತಿರಲಿಲ್ಲ.

ಬೀಳಗಿಯೂ ಬಿಳಗಿಯೂ

ಹಾಗಾದರೆ ಇಡೀ ವಿಳಾಸವನ್ನೇ ಪ್ರೋಗ್ರಾಮಿನಲ್ಲಿ ಬರೆದುಬಿಟ್ಟರೆ ಹುಡುಕುವ ಗೋಜೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಬೀಳಗಿ ಕಡೆಯಿಂದ ಬಂದವರಿಗೆ ಇದರ ಉತ್ತರ ಗೊತ್ತಿದೆ. ಆಲಮಟ್ಟಿಯ ಹಿನ್ನೀರು ಬಂದಾಗ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಊರಿನ ಹೆಸರು ಅದೇ, ಜನ ಅವರೇ, ಜಾಗ ಬೇರೆ. ಹಳೆಯ ಗುರುತು ಹಿಡಿದು ಬಂದ ಬೀಗರಿಗೆ ಕಂಡದ್ದು ನೀರು. ಹೆಸರು ಹಿಡಿದು ವಿಚಾರಿಸಿದವರು ಮಾತ್ರ ಮನೆ ಮುಟ್ಟಿದರು. ಕಡತಗಳೂ ಹೀಗೇ ಜಾಗ ಬಿಡುತ್ತವೆ. ನನ್ನ ಯಂತ್ರದ ವಿಳಾಸ ನಿಮ್ಮ ಯಂತ್ರದಲ್ಲಿ ಇರುವುದಿಲ್ಲ. ಆದ್ದರಿಂದ ಪ್ರೋಗ್ರಾಮಿನಲ್ಲಿ ಹೆಸರು ಮಾತ್ರ ಇರಲಿ, ಜಾಗಗಳ ಪಟ್ಟಿ ಬೇರೆ ಇರಲಿ ಎಂದು ಮಾಡಿದ್ದಾರೆ. ಸಾಮಾನು ಬೇರೆ ಕಡೆ ಹೋದರೆ ಪಟ್ಟಿಯೊಂದನ್ನೇ ತಿದ್ದಿದರೆ ಸಾಕು.

ಹೆಸರನ್ನು ನಂಬಿದ ಮೇಲೆ ಹೆಸರು ಸ್ಪಷ್ಟವಾಗಿರಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಬೀಳಗಿ ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಜೈನ ಬಸದಿಗೆ ಹೆಸರಾದ ಬಿಳಗಿ ಇದೆ. ಒಂದು ದೀರ್ಘದ ವ್ಯತ್ಯಾಸ. ಬಯಲುಸೀಮೆಗೆ ಹೋಗಬೇಕಾದವರು ಮಲೆನಾಡು ಸೇರಿಯಾರು. ಅದೇ ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯನ್ನು ನೋಡಿ. ಬೆಳಗಲಿ ಎಂಬ ಊರು ಹುಬ್ಬಳ್ಳಿ ತಾಲ್ಲೂಕಿನಲ್ಲೂ ಇದೆ. ಆದರೆ ಮುಂದೆ ಕವಿಯ ಹೆಸರು ಸೇರಿದ್ದರಿಂದ ಯಾವ ಬೆಳಗಲಿ ಎಂದು ಯಾರೂ ಕೇಳುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳೂ ಇದನ್ನೇ ಮಾಡುತ್ತವೆ. ಸಂಬಂಧಪಟ್ಟ ಮಾಡ್ಯೂಲ್‌ಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಅದಕ್ಕೆ ಪ್ಯಾಕೇಜ್ ಎನ್ನುತ್ತವೆ. ಪ್ಯಾಕೇಜಿನ ಹೆಸರು ಮುಂದೆ, ಒಂದು ಚುಕ್ಕೆ, ಆಮೇಲೆ ಮಾಡ್ಯೂಲಿನ ಹೆಸರು. ಆಗ ಒಂದೇ ಹೆಸರಿನ ಎರಡು ಮಾಡ್ಯೂಲ್ ಇದ್ದರೂ ಜಗಳವಿಲ್ಲ.

ಹುಡುಕುವ ಕ್ರಮ ಎಲ್ಲ ಭಾಷೆಗಳಲ್ಲಿ ಒಂದೇ ಅಲ್ಲ. ಪೈಥಾನ್ ಮೊದಲು ನಿಮ್ಮ ಮನೆ ನೋಡುತ್ತದೆ. ಜಾವಾ ಭಾಷೆ ಸಾಮಾನ್ಯವಾಗಿ ಮೊದಲು ಹಿರಿಯರನ್ನು ಕೇಳುತ್ತದೆ. ಅಲ್ಲಿ ತರುವವರೇ ಒಂದು ವಂಶದಂತೆ ಇದ್ದಾರೆ. ಮಗ ತಾನು ಹುಡುಕುವ ಮುಂಚೆ ತಂದೆಗೆ ಹೇಳುತ್ತಾನೆ, ತಂದೆ ಅಜ್ಜನಿಗೆ. ಅವರಲ್ಲಿ ಇಲ್ಲದಿದ್ದರೆ ಮಾತ್ರ ತನ್ನ ಪೆಟ್ಟಿಗೆ ತೆರೆಯುತ್ತಾನೆ. ಹಾಗಾಗಿ ಭಾಷೆಯ ಮೂಲ ಸಾಮಾನನ್ನು ನಾನು ಗೊತ್ತಿಲ್ಲದೆ ಮರೆಮಾಡಲು ಬರುವುದಿಲ್ಲ. ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಎಂಬ ಏರ್ಪಾಡು ಕಡತ ಇರುವ ಫೋಲ್ಡರಿನಿಂದ ಆರಂಭಿಸಿ ಮೇಲಿನ, ಅದರ ಮೇಲಿನ ಫೋಲ್ಡರುಗಳನ್ನು ನೋಡುತ್ತ ಹೋಗುತ್ತದೆ. ಮನೆಯಲ್ಲಿ ಇಲ್ಲವೇ, ಓಣಿಯಲ್ಲಿ ಕೇಳು. ಓಣಿಯಲ್ಲಿ ಇಲ್ಲವೇ, ಊರಲ್ಲಿ ಕೇಳು. ಮೂರೂ ಕ್ರಮಗಳಿಗೆ ಅವುಗಳದೇ ಅನುಕೂಲ, ಅನನುಕೂಲ ಇವೆ. ನೀವು ಬಳಸುವ ಭಾಷೆಯ ಕ್ರಮ ನಿಮಗೆ ಗೊತ್ತಿರಬೇಕು, ಅಷ್ಟೇ.

ಸಿಕ್ಕಿತು ಎಂದರೂ ಕೇಳಬೇಕು

ಇಲ್ಲಿಯವರೆಗೆ ‘ಇಲ್ಲ’ ಎಂಬ ಉತ್ತರದ ಬಗ್ಗೆ ಹೇಳಿದೆ. ‘ಸಿಕ್ಕಿತು’ ಎಂಬ ಉತ್ತರವನ್ನೂ ಕಣ್ಣು ಮುಚ್ಚಿ ನಂಬಬಾರದು.

ಪೈಥಾನ್ ಬಳಸುವವರು ತಾವು ಬರೆದದ್ದನ್ನು ಹಂಚಿಕೊಳ್ಳುವ ಪೈಪಿಐ ಎಂಬ ದೊಡ್ಡ ಭಂಡಾರವಿದೆ. ಐದು ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳು ಅಲ್ಲಿವೆ. ‘ಪಿಪ್’ ಎಂಬ ಸಲಕರಣೆಗೆ ಹೆಸರು ಹೇಳಿದರೆ ತಂದುಕೊಡುತ್ತದೆ. ಒಳ್ಳೆಯ ಪ್ಯಾಕೇಜಿನ ಹೆಸರಿಗೆ ಒಂದಕ್ಷರ ಮಾತ್ರ ವ್ಯತ್ಯಾಸ ಮಾಡಿ, ಒಳಗೆ ಕೆಡುಕು ತುಂಬಿ, ಕೆಲವು ದುಷ್ಟರು ಅಲ್ಲಿ ಇಟ್ಟದ್ದುಂಟು. ಅವಸರದಲ್ಲಿ ಕಾಗುಣಿತ ತಪ್ಪಿದವರು ಬೀಳಗಿಗೆಂದು ಹೊರಟು ಬಿಳಗಿಗೆ ಇಳಿಯುತ್ತಾರೆ. ಇಂಪೋರ್ಟ್ ಎಂದರೆ ನಡೆಸುವುದು ಎಂದು ಆಗಲೇ ಹೇಳಿದೆನಲ್ಲ. ಇಂಥ ಪ್ಯಾಕೇಜುಗಳಲ್ಲಿ ಕೆಲವು ಇಂಪೋರ್ಟ್ ಮಾಡುವವರೆಗೂ ಕಾಯುವುದಿಲ್ಲ, ಯಂತ್ರಕ್ಕೆ ಹಾಕಿಕೊಳ್ಳುವಾಗಲೇ ತಮ್ಮ ಕೆಲಸ ಆರಂಭಿಸುತ್ತವೆ.

ಇನ್ನೊಂದು ಘಟನೆ ಕೇಳಿ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್‌ನ ಭಂಡಾರದಿಂದ ‘ಲೆಫ್ಟ್‌ಪ್ಯಾಡ್’ ಎಂಬ ಸಣ್ಣ ಪ್ಯಾಕೇಜನ್ನು ಅದನ್ನು ಬರೆದವರು ತೆಗೆದುಹಾಕಿದರು. ಅದರಲ್ಲಿ ಇದ್ದದ್ದು ಹನ್ನೊಂದು ಸಾಲು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದು ಅದರ ಕೆಲಸ. ಆದರೆ ಅದನ್ನು ನೆಚ್ಚಿದ ಪ್ಯಾಕೇಜು, ಆ ಪ್ಯಾಕೇಜನ್ನು ನೆಚ್ಚಿದ ಮತ್ತೊಂದು, ಹೀಗೆ ಸರಪಳಿ ಬೆಳೆದಿತ್ತು. ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳ ಕೆಲಸ ನಿಂತಿತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇಟ್ಟರು. ಒಂದು ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಹೊಸದಲ್ಲ. ಅವರಿಗೆ ಅದು ಅಂದು ಗೊತ್ತಾಯಿತು.

ಮತ್ತೊಂದು ತೊಡಕು ಎರಡು ಮಾಡ್ಯೂಲ್‌ಗಳು ಒಂದನ್ನೊಂದು ಕೇಳುವುದು. ಮೊದಲನೆಯದು ತನ್ನ ಕೆಲಸದ ನಡುವೆ ಎರಡನೆಯದನ್ನು ಕರೆಯುತ್ತದೆ, ಎರಡನೆಯದು ಬಂದು ಮೊದಲನೆಯದನ್ನು ಕೇಳುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಮೊದಲೇ ಬರೆದಿರುವುದರಿಂದ ಪೈಥಾನ್ ಅದನ್ನೇ ಕೊಡುತ್ತದೆ. ಆದರೆ ಅದು ಇನ್ನೂ ಪೂರ್ತಿಯಾಗಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿದ್ದಂತೆ. ಸೀರೆ ಇದೆ, ಆದರೆ ಸೆರಗು ಕೇಳಿದರೆ ಎಲ್ಲಿಂದ ಕೊಡುವುದು? ಇಂಥ ಕಡೆ ಇಬ್ಬರಿಗೂ ಬೇಕಾದದ್ದನ್ನು ಮೂರನೆಯ ಕಡತದಲ್ಲಿಡುವುದು ಒಳ್ಳೆಯ ದಾರಿ.

ಹಾಗೆಯೇ, ಒಂದು ಕೆಲಸಕ್ಕೆ ಒಂದು ಪ್ಯಾಕೇಜಿನ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು ಬೇಕು ಎಂದಾಗ ಎರಡನ್ನೂ ಒಂದೇ ಅಟ್ಟದಲ್ಲಿ ಇಡಬಾರದು. ಪ್ರತಿ ಮಗ್ಗಕ್ಕೆ ಬೇರೆ ಪೆಟ್ಟಿಗೆ ಇಡುವಂತೆ ಪ್ರತಿ ಕೆಲಸಕ್ಕೆ ಬೇರೆ ಪರಿಸರ ಮಾಡಿಕೊಳ್ಳುವ ‘ವೆನ್ವ್’ ಎಂಬ ಸೌಲಭ್ಯ 2012ರಿಂದ ಪೈಥಾನ್ ಜೊತೆಗೇ ಬರುತ್ತಿದೆ.

ನಿನ್ನೆ ಸಂಜೆ

ಈಗ ನಿನ್ನೆಯ ಹುಡುಗಿಯ ಕಡೆಗೆ ಬರೋಣ. ನಾನು ಕಾಗುಣಿತ ತಿದ್ದಿಕೊಡಲಿಲ್ಲ. “ಎಲ್ಲಿ ನೋಡಿ ಇಲ್ಲ ಅಂತೈತಿ, ಕೇಳೋಣ ಬಾ ತಂಗಿ” ಎಂದೆ. ಇಬ್ಬರೂ ಸೇರಿ ಸಿಸ್ ಡಾಟ್ ಪಾತ್ ಪಟ್ಟಿಯನ್ನು ಮುದ್ರಿಸಿದೆವು. ಒಂದೊಂದೇ ಫೋಲ್ಡರ್ ತೆರೆದಳು. ಗ್ರಂಥಾಲಯದ ಫೋಲ್ಡರಿನಲ್ಲಿ ಸಾಲಾಗಿ ನೂರಾರು ಕಡತ. ಬೆರಳು ಇಟ್ಟುಕೊಂಡು ಹೋದವಳು ಒಂದು ಕಡೆ ನಿಂತಳು. “ಅಕ್ಕಾರ, ಇಲ್ಲೇ ಐತ್ರಿ!” ಎಂದು ಕೂಗಿದಳು. ಆಮೇಲೆ ತನ್ನ ಸಾಲನ್ನೂ ಕಡತದ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ ತಾನೇ ತಿದ್ದಿದಳು. ಆಮೆ ಓಡಿತು.

ಹೋಗುವ ಮುಂಚೆ ಇನ್ನೊಂದು ಮಾಡಿದೆವು. ಪೈಥಾನ್ 3ರಲ್ಲಿ ಹೆಸರುಗಳು ಕನ್ನಡ ಲಿಪಿಯಲ್ಲೂ ಇರ ಬಹುದು. ಅವಳು ‘ಮಗ್ಗ’ ಎಂಬ ಹೆಸರಿನ ಕಡತ ಮಾಡಿ ಅದರಲ್ಲಿ ದಡಿಯ ಗೆರೆ ಎಳೆಯುವ ನಾಲ್ಕು ಸಾಲು ಬರೆದಳು. ಬೇರೆ ಕಡತದಲ್ಲಿ ‘ಇಂಪೋರ್ಟ್ ಮಗ್ಗ’ ಎಂದಳು. ಪೈಥಾನ್ ತಡವರಿಸದೆ ತಂದಿತು. ಏಕೆಂದರೆ ಅದು ಮೊದಲು ನೋಡುವುದು ನಮ್ಮದೇ ಫೋಲ್ಡರನ್ನು. ಅಂದು ನನ್ನನ್ನು ಮೂರು ರಾತ್ರಿ ಅಳಿಸಿದ ನಿಯಮವೇ ನಿನ್ನೆ ಅವಳು ಬರೆದದ್ದನ್ನು ಪ್ರಪಂಚದ ಎಲ್ಲ ಗ್ರಂಥಾಲಯಕ್ಕಿಂತ ಮೊದಲು ಎತ್ತಿ ಕೊಟ್ಟಿತು.

ಮಕ್ಕಳೇ, ನಾಳೆ ನೀವು ದೊಡ್ಡ ಊರುಗಳಿಗೆ ಹೋಗುತ್ತೀರಿ. ನಿಮಗೆ ಇಂಗ್ಲಿಷ್ ಇಲ್ಲ, ನಿಮ್ಮ ಶಾಲೆಯಲ್ಲಿ ಅದು ಇಲ್ಲ, ನಿಮ್ಮ ಕಡೆ ಇದು ಇಲ್ಲ ಎಂದು ಯಂತ್ರಗಳೂ ಹೇಳುತ್ತವೆ, ಮನುಷ್ಯರೂ ಹೇಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆಗ ತರಿಸಿಕೊಳ್ಳಬೇಕು, ಕಲಿತುಕೊಳ್ಳಬೇಕು, ನಾಚಿಕೆಪಡಬಾರದು. ಆದರೆ ತಲೆಬಾಗಿ ಒಪ್ಪಿಕೊಳ್ಳುವ ಮುಂಚೆ ನಮ್ಮಪ್ಪನ ಪ್ರಶ್ನೆಯನ್ನು ಒಮ್ಮೆ ಕೇಳಿ. ‘ಇಲ್ಲ’ ಎಂದರೆ, ಎಲ್ಲಿ ನೋಡಿ ಇಲ್ಲ? ‘ಸಿಕ್ಕಿತು’ ಎಂದರೆ, ಎಲ್ಲಿಂದ ಬಂತು? ಈ ಎರಡು ಪ್ರಶ್ನೆ ಕೇಳುವವರು ಪ್ರೋಗ್ರಾಮಿಂಗ್ ಒಂದನ್ನೇ ಅಲ್ಲ, ಯಾವ ವಿದ್ಯೆಯನ್ನಾದರೂ ಕಲಿಯಬಲ್ಲರು.